ಸಿಜಿಲ್‌ನಲ್ಲಿ ಕನ್ನಡ ಇ-ಪುಸ್ತಕ: ಹಳೇ ನುಡಿ ಫೈಲಿನಿಂದ ಫೋನಿನವರೆಗೆ

ನಮ್ಮ ಚಿಕ್ಕಮ್ಮನ ಕಥಾಸಂಕಲನ 2006ರಲ್ಲಿ ಅಚ್ಚಾಗಿತ್ತು. 14 ಕತೆಗಳು. ಪ್ರತಿಗಳು ಮುಗಿದು ಎಷ್ಟೋ ವರ್ಷವಾಯಿತು. ಮನೆಯಲ್ಲಿ ಉಳಿದಿದ್ದು ಒಂದೇ ಪುಸ್ತಕ, ಜೊತೆಗೆ ಡಿಟಿಪಿ ಮಾಡಿದವರು ಕೊಟ್ಟಿದ್ದ ಒಂದು ಸಿಡಿ. ಆ ಸಿಡಿಯಿಂದ ಪಿಡಿಎಫ್ ತೆಗೆದು ಚಿಕ್ಕಮ್ಮನ ಫೋನಿಗೆ ಹಾಕಿಕೊಟ್ಟೆ. ಅವರಿಗೆ ಈಗ ಕಣ್ಣು ಮಂಜು. ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಿಂದ ಆಚೆ ಹೋಗುತ್ತದೆ, ಪ್ರತಿ ಸಾಲಿಗೂ ಬೆರಳಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯಬೇಕು. ಎರಡು ಪುಟ ಓದಿ ಫೋನ್ ಕೆಳಗಿಟ್ಟರು. "ಇದಕ್ಕಿಂತ ಪುಸ್ತಕವೇ ವಾಸಿ ಕಣೋ" ಅಂದರು.

ಅವರು ಹೇಳಿದ್ದು ಸರಿ. ಪಿಡಿಎಫ್ ಅಂದರೆ ಪುಟದ ಫೋಟೊ ಇದ್ದ ಹಾಗೆ, ಕಾಗದದ ಅಳತೆಗೆ ಕಟ್ಟಿಬಿದ್ದಿರುತ್ತದೆ. ಇಪಬ್ ಅನ್ನುವ ಇ-ಪುಸ್ತಕದ ಫೈಲು ಹಾಗಲ್ಲ. ಅಕ್ಷರ ಎಷ್ಟು ದೊಡ್ಡದು ಮಾಡಿದರೂ ಸಾಲು ಪರದೆಯೊಳಗೇ ಮಡಚಿಕೊಳ್ಳುತ್ತದೆ. ಕನ್ನಡದಲ್ಲಿ ಇವತ್ತಿಗೂ ಕೈಗೆ ಸಿಗುವ ಎಷ್ಟೋ ಡಿಜಿಟಲ್ ಪುಸ್ತಕಗಳು ಪಿಡಿಎಫ್ ಆಗಿಯೇ ಇವೆ, ಅದರಲ್ಲೂ ಬರೀ ಸ್ಕ್ಯಾನ್. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಒಳ್ಳೆಯ ಇಪಬ್ ಮಾಡುವುದು ಕಷ್ಟವಲ್ಲ, ಖರ್ಚೂ ಇಲ್ಲ. ನಾನು ಮಾಡಿದ್ದು ಸಿಜಿಲ್ ಅನ್ನುವ ತಂತ್ರಾಂಶದಲ್ಲಿ. ಎಲ್ಲಿ ಎಡವಿದೆ, ಏನು ಕಲಿತೆ ಅನ್ನುವುದನ್ನೂ ಸೇರಿಸಿ ಆ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಸಿಜಿಲ್ ಯಾಕೆ

ಸಿಜಿಲ್ 2009ರಲ್ಲಿ ಶುರುವಾದ ಮುಕ್ತ ತಂತ್ರಾಂಶ. ಜಿಪಿಎಲ್ 3ನೇ ಆವೃತ್ತಿಯ ಪರವಾನಗಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇದು ಮಾಡುವ ಕೆಲಸ ಒಂದೇ: ಇಪಬ್ ಫೈಲನ್ನು ಬಿಚ್ಚಿ ಒಳಗಿನ ಪ್ರತಿ ಭಾಗವನ್ನೂ ನಿಮ್ಮ ಮುಂದಿಡುವುದು. ಇಪಬ್ ಅನ್ನುವುದು ಒಳಗಿಂದ ನೋಡಿದರೆ ಒಂದು ಜಿಪ್ ಫೈಲು, ಅಷ್ಟೇ. ಅದರೊಳಗೆ ವೆಬ್ ಪುಟಗಳಂಥ ಅಧ್ಯಾಯಗಳು, ಅಕ್ಷರ ಸಾಲು ಹೇಗೆ ಕಾಣಬೇಕು ಅಂತ ಹೇಳುವ ಒಂದು ಸಿಎಸ್‌ಎಸ್ ಫೈಲು, ಚಿತ್ರಗಳು, ಫಾಂಟು, ಪರಿವಿಡಿ, ಪುಸ್ತಕದ ವಿವರ ಇರುವ ಒಂದು ಫೈಲು.

ಇದೇ ಕೆಲಸಕ್ಕೆ ಕ್ಯಾಲಿಬರ್ ಕೂಡ ಇದೆ. 2006ರಿಂದ ಕೋವಿದ್ ಗೋಯಲ್ ಬೆಳೆಸಿಕೊಂಡು ಬಂದಿರುವ ತಂತ್ರಾಂಶ ಅದು, ಅದರೊಳಗೂ ಒಂದು ಒಳ್ಳೆಯ ಎಡಿಟರ್ ಇದೆ. ಪುಸ್ತಕಗಳ ರಾಶಿಯನ್ನು ಜೋಡಿಸಿ ಇಟ್ಟುಕೊಳ್ಳಲು ನಾನು ಅದನ್ನೇ ಬಳಸುವುದು. ಆದರೆ ಅಲ್ಲಿನ 'ಕನ್ವರ್ಟ್' ಗುಂಡಿ ಒತ್ತಿದರೆ ಅದು ಸಿಎಸ್‌ಎಸ್ ಅನ್ನು ತನ್ನದೇ ರೀತಿಯಲ್ಲಿ ತಿರುಗಿ ಬರೆಯುತ್ತದೆ. ನೀವು ಚೊಕ್ಕವಾಗಿ ಇಟ್ಟಿದ್ದ ಕ್ಲಾಸುಗಳ, ಅಂದರೆ ರೂಪಗಳಿಗೆ ಕೊಟ್ಟ ಹೆಸರುಗಳ, ನಡುವೆ ಕ್ಯಾಲಿಬರ್ 1, ಕ್ಯಾಲಿಬರ್ 2 ಅಂಥವು ಬಂದು ಕೂತಿರುತ್ತವೆ. ಹಾಗಾಗಿ ಕೈಯಿಂದ ತಿದ್ದಿದ ಪುಸ್ತಕವನ್ನು ಆಮೇಲೆ ಕನ್ವರ್ಟ್ ಮಾಡಬೇಡಿ.

ತುಂಬಾ ಹಿಂದೆ ಸಿಜಿಲ್ ನೋಡಿ ಬಿಟ್ಟವರಿಗೆ ಒಂದು ಮಾತು. ಆಗ ವರ್ಡ್ ಥರ ಟೈಪ್ ಮಾಡಬಹುದಾದ 'ಬುಕ್ ವ್ಯೂ' ಇತ್ತು. 2019ರಲ್ಲಿ ಅದನ್ನು ತೆಗೆದರು. ಅದರ ಬದಲಿಗೆ ಪೇಜ್‌ಎಡಿಟ್ ಅನ್ನುವ ಬೇರೆ ತಂತ್ರಾಂಶ ಕೊಟ್ಟರು. ಅದನ್ನು ಬೇರೆಯಾಗಿ ಹಾಕಿಕೊಂಡು, ಸಿಜಿಲ್‌ನ ಪ್ರಿಫರೆನ್ಸಸ್‌ನಲ್ಲಿ ಅದು ಎಲ್ಲಿದೆ ಅಂತ ತೋರಿಸಿದರೆ ಸಾಕು, ಬೇಕಾದ ಅಧ್ಯಾಯವನ್ನು ಅದರಲ್ಲಿ ತೆರೆಯಬಹುದು. ಮೊದಮೊದಲು ನನಗೂ ಬುಕ್ ವ್ಯೂ ಹೋಗಿದ್ದು ಕಿರಿಕಿರಿ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಎಡಗಡೆ ಕೋಡ್, ಬಲಗಡೆ ಪ್ರಿವ್ಯೂ ಇಟ್ಟುಕೊಂಡು ಕೆಲಸ ಮಾಡುವುದು ರೂಢಿಯಾದ ಮೇಲೆ ಅದೇ ಸಲೀಸು. ಪ್ರಿವ್ಯೂ ಈಗ ಕ್ರೋಮಿಯಂ ಎಂಜಿನ್ ಮೇಲೆ ನಡೆಯುತ್ತದೆ, ಹಾಗಾಗಿ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆ. 1.0ರಿಂದ ಇನ್ನೊಂದು ಒಳ್ಳೆಯ ಬದಲಾವಣೆ ಬಂತು. ಬೇರೆಯವರು ಮಾಡಿದ ಇಪಬ್ ತೆರೆದರೆ ಅದರ ಫೋಲ್ಡರ್ ವ್ಯವಸ್ಥೆಯನ್ನು ಸಿಜಿಲ್ ಈಗ ಹಾಗೇ ಉಳಿಸಿಕೊಳ್ಳುತ್ತದೆ, ಮೊದಲಿನ ಹಾಗೆ ತನ್ನ ಅಚ್ಚಿಗೆ ಎಳೆದುಕೊಳ್ಳುವುದಿಲ್ಲ. 2.0 ಮತ್ತು ಅದರ ನಂತರದ ಆವೃತ್ತಿಗಳು 2023ರಲ್ಲಿ ಶುರುವಾದವು. ಅವು ಕ್ಯೂಟಿ 6 ಅನ್ನುವ ತಂತ್ರಾಂಶ ಚೌಕಟ್ಟಿನ ಮೇಲೆ ನಿಂತಿವೆ, ಆದ್ದರಿಂದ ವಿಂಡೋಸ್ 10 ಅಥವಾ ಅದರ ನಂತರದ್ದು ಬೇಕು. ವಿಂಡೋಸ್ 7 ಇರುವ ಹಳೇ ಕಂಪ್ಯೂಟರಿನಲ್ಲಿ ಹೊಸದು ನಡೆಯುವುದಿಲ್ಲ. ಲಿನಕ್ಸ್‌ನವರು ಫ್ಲಾಟ್‌ಹಬ್‌ನಿಂದ ಹಾಕಿಕೊಳ್ಳಿ. ಡೆಬಿಯನ್, ಉಬುಂಟು ಭಂಡಾರಗಳಲ್ಲೂ ಇದೆ, ಆದರೆ ಅಲ್ಲಿರುವುದು ಸಾಮಾನ್ಯವಾಗಿ ಒಂದಷ್ಟು ಹಳೆಯದು.

ಈಗಾಗಲೇ ಸಿಜಿಲ್ ಇದ್ದು ಹೊಸದಕ್ಕೆ ಹೋಗುವವರು ಮೊದಲು 'ಪ್ರಿಫರೆನ್ಸಸ್' ತೆರೆದು ಅಲ್ಲಿಂದ ಸೆಟ್ಟಿಂಗ್ಸ್ ಫೋಲ್ಡರ್ ಎಲ್ಲಿದೆ ನೋಡಿ, ಇಡೀ ಫೋಲ್ಡರನ್ನು ಒಂದು ಕಡೆ ಕಾಪಿ ಮಾಡಿಟ್ಟುಕೊಳ್ಳಿ. ನೀವು ಉಳಿಸಿಟ್ಟ ಹುಡುಕಾಟಗಳು, ನಿಮ್ಮ ನಿಘಂಟು, ಪ್ಲಗಿನ್ನುಗಳೆಂಬ ಹೆಚ್ಚುವರಿ ತುಣುಕುಗಳು ಎಲ್ಲ ಅಲ್ಲಿಯೇ ಇರುವುದು.

ಶುರು ಮಾಡುವ ಮೊದಲು ಮೂರು ಸೆಟ್ಟಿಂಗ್

ಮೆನುಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ ಅಂದುಕೊಂಡು ಅವುಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

'ಪ್ರಿಫರೆನ್ಸಸ್' ಒಳಗೆ 'ಜನರಲ್ ಸೆಟ್ಟಿಂಗ್ಸ್' ಇದೆ. ಹೊಸ ಇಪಬ್ ಯಾವ ಆವೃತ್ತಿಯಲ್ಲಿ ಆಗಬೇಕು ಅಂತ ಅಲ್ಲಿ ಕೇಳುತ್ತದೆ. 3 ಆರಿಸಿ. ಇಪಬ್ 2 ತೀರಾ ಹಳೆಯದು, 2007ರದು. ಈಗಿನ ಮಾನದಂಡ ಇಪಬ್ 3.3, ಅದನ್ನು ವೆಬ್ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ 2023ರಲ್ಲಿ ಒಪ್ಪಿ ಪ್ರಕಟಿಸಿತು.

ಎರಡನೆಯದು 'ಅಪಿಯರೆನ್ಸ್'. ಕೋಡ್ ವ್ಯೂ ಫಾಂಟ್ ಮೊದಲಿಗೆ ಇಂಗ್ಲಿಷ್ ಅಕ್ಷರಗಳಿಗೆ ತಕ್ಕಂತೆ ಇರುತ್ತದೆ. ಅದರಲ್ಲಿ ಕನ್ನಡ ಸಣ್ಣದಾಗಿ, ಒತ್ತುಗಳು ಕತ್ತರಿಸಿದ ಹಾಗೆ ಕಂಡರೆ ಅಲ್ಲಿಯೇ ನೋಟೊ ಸಾನ್ಸ್ ಕನ್ನಡ ಹಾಕಿ, ಗಾತ್ರ ಸ್ವಲ್ಪ ಹೆಚ್ಚಿಸಿ. ಪ್ರಿವ್ಯೂಗೂ ಬೇರೆ ಫಾಂಟ್ ಆರಿಸಬಹುದು. ಇದು ನಿಮ್ಮ ಕಣ್ಣಿಗೆ ಮಾತ್ರ, ಪುಸ್ತಕದೊಳಗೆ ಹೋಗುವುದಿಲ್ಲ. ನಿಮ್ಮ ಪರದೆಯ ಫಾಂಟು, ಪುಸ್ತಕದ ಫಾಂಟು ಎರಡೂ ಒಂದೇ ಅಂತ ತಿಳಿದು ಮೋಸ ಹೋಗುವುದು ಸುಲಭ. ನಿಮ್ಮ ಕಂಪ್ಯೂಟರಿನಲ್ಲಿ ಚೆಂದ ಕಂಡ ಮಾತ್ರಕ್ಕೆ ಓದುಗರ ಫೋನಿನಲ್ಲಿ ಹಾಗೇ ಕಾಣುತ್ತದೆ ಅಂತೇನಿಲ್ಲ.

ಮೂರನೆಯದು ಪದಪರೀಕ್ಷೆಯ ನಿಘಂಟು. ಅದಕ್ಕೆ ಮುಂದೆ ಬರುತ್ತೇನೆ.

ಪಠ್ಯ ಒಳಗೆ ತರುವುದು

ನುಡಿ, ಬರಹ ಅಥವಾ ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಡಿಟಿಪಿ ಆಗಿದ್ದ ಫೈಲನ್ನು ಹಾಗೇ ಕಾಪಿ ಮಾಡಿ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು, ಅದಕ್ಕೇ ಹೀಗಾಗುವುದು. ಮೊದಲು, ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇರುವ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಬರಹ ಮತ್ತು ನುಡಿಯ ಹೊಸ ಆವೃತ್ತಿಗಳ ಜೊತೆಗೇ ಪರಿವರ್ತಕ ಬರುತ್ತದೆ, ಬ್ರೌಸರಿನಲ್ಲೇ ನಡೆಯುವ ಉಚಿತ ಪರಿವರ್ತಕಗಳೂ ಇವೆ. ಯಾವುದು ಬಳಸಿದರೂ ನೂರಕ್ಕೆ ನೂರು ಸರಿ ಬರುವುದಿಲ್ಲ. ಹಾಗೇ ಬಿಡಬೇಡಿ, ತಿದ್ದುವುದು ಹೇಗೆ ಅಂತ ಕೆಳಗೆ ಹೇಳುತ್ತೇನೆ.

ಯೂನಿಕೋಡ್ ಪಠ್ಯ ಸಿಕ್ಕ ಮೇಲೆ ಅದನ್ನು ಲಿಬ್ರೆಆಫೀಸ್ ರೈಟರ್‌ನಲ್ಲಿ ತೆರೆದು, ಪ್ರತಿ ಕತೆಯ ಹೆಸರಿಗೂ 'ಹೆಡಿಂಗ್ 1' ಸ್ಟೈಲ್ ಕೊಡಿ. ಅಕ್ಷರ ದಪ್ಪ ಮಾಡಿ ಬಿಡುವುದಲ್ಲ, ಸ್ಟೈಲ್ ಕೊಡಬೇಕು. ಆಮೇಲೆ 'ಎಕ್ಸ್‌ಪೋರ್ಟ್' ಮಾಡಿ ಇಪಬ್ ಆರಿಸಿ. 2018ರಲ್ಲಿ ಬಂದ ಲಿಬ್ರೆಆಫೀಸ್ 6.0ರಿಂದ ಈ ಸೌಲಭ್ಯ ಇದೆ. ಆ ಇಪಬ್ ಅನ್ನು ಸಿಜಿಲ್‌ನಲ್ಲಿ ತೆರೆಯಿರಿ. ವರ್ಡ್ ಫೈಲನ್ನು ನೇರ ತರಲು ಡಾಕ್ಸ್‌ಇಂಪೋರ್ಟ್ ಅನ್ನುವ ಪ್ಲಗಿನ್ನೂ ಇದೆ, ಅದು ಬೇಡದ ಕೋಡ್ ಕಡಿಮೆ ತರುತ್ತದೆ ಅನ್ನುವುದು ನನ್ನ ಅನುಭವ. ಪ್ಲಗಿನ್ನುಗಳು ಜಿಪ್ ಆಗಿ ಸಿಗುತ್ತವೆ. ಅವನ್ನು ಬಿಚ್ಚಬೇಡಿ, 'ಪ್ಲಗಿನ್ಸ್' ಮೆನುವಿನ 'ಮ್ಯಾನೇಜ್ ಪ್ಲಗಿನ್ಸ್'ನಲ್ಲಿ ಇಡೀ ಜಿಪ್ ಅನ್ನೇ ಸೇರಿಸಿ. ವಿಂಡೋಸ್ ಮತ್ತು ಮ್ಯಾಕ್‌ನ ಸಿಜಿಲ್ ಜೊತೆಗೇ ಪೈಥಾನ್ ಬಂದಿರುತ್ತದೆ, ಬೇರೆ ಹಾಕಬೇಕಿಲ್ಲ.

ಸ್ವಂತ ಪುಸ್ತಕ ಕೈಯಲ್ಲಿಲ್ಲ, ಸುಮ್ನೆ ಅಭ್ಯಾಸ ಮಾಡಬೇಕು ಅನ್ನುವವರು ಕನ್ನಡ ವಿಕಿಸೋರ್ಸ್‌ಗೆ ಹೋಗಿ. ಅಲ್ಲಿನ ಪುಸ್ತಕಗಳನ್ನು ಇಪಬ್ ಆಗಿಯೇ ಇಳಿಸಿಕೊಳ್ಳಬಹುದು. ಬೇರೆಯವರ ಪುಸ್ತಕ ಮಾಡಿ ಹಂಚುವ ಯೋಚನೆ ಇದ್ದರೆ ಹಕ್ಕು ನೋಡಿಕೊಳ್ಳಿ: ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ.

ಎಲ್ಲ ಕತೆಗಳೂ ಒಂದೇ ಫೈಲಿನಲ್ಲಿ ಬಂದಿದ್ದರೆ ಒಡೆಯಬೇಕು. ಹೊಸ ಕತೆಯ ತಲೆಬರಹದ ಮುಂದೆ ಕರ್ಸರ್ ಇಟ್ಟು ಕಂಟ್ರೋಲ್ ಎಂಟರ್ ಒತ್ತಿ. ಅಲ್ಲಿಂದ ಹೊಸ ಫೈಲಾಗುತ್ತದೆ. ಪುಸ್ತಕ ದೊಡ್ಡದಿದ್ದರೆ ಇದು ಬೇಕೇ ಬೇಕು, ಯಾಕೆಂದರೆ ಒಂದೇ ಉದ್ದದ ಫೈಲನ್ನು ಅಗ್ಗದ ಫೋನುಗಳು ತೆರೆಯುವಾಗ ತಡವರಿಸುತ್ತವೆ.

ಮೊದಲು ಪುಸ್ತಕದ ವಿವರ, ಆಮೇಲೆ ತಿದ್ದುಪಡಿ

ಎಫ್8 ಒತ್ತಿದರೆ ಮೆಟಾಡೇಟಾ ಎಡಿಟರ್ ತೆರೆಯುತ್ತದೆ. ಹೆಸರು, ಲೇಖಕರು, ಭಾಷೆ, ಗುರುತಿನ ಸಂಖ್ಯೆ. ಲೇಖಕರು ಮತ್ತು ಅನುವಾದಕರು ಇಬ್ಬರೂ ಇದ್ದರೆ ಇಬ್ಬರಿಗೂ ಬೇರೆ ಬೇರೆ ಪಾತ್ರ ಕೊಡಬಹುದು. ಕನ್ನಡದ ಇ-ಪುಸ್ತಕಗಳಲ್ಲಿ ಅನುವಾದಕರ ಹೆಸರು ಬಿಟ್ಟುಹೋಗುವುದು ಜಾಸ್ತಿ, ದಯವಿಟ್ಟು ಹಾಕಿ.

ಭಾಷೆಯನ್ನು ಇಲ್ಲಿ ಕನ್ನಡ ಅಂತ ಮಾಡುವುದು ತುಂಬಾ ಮುಖ್ಯ. ಎಷ್ಟೋ ಫೈಲುಗಳಲ್ಲಿ ಇದು ಇಂಗ್ಲಿಷ್ ಅಂತಲೇ ಉಳಿದಿರುತ್ತದೆ, ಯಾರೂ ಗಮನಿಸಿರುವುದಿಲ್ಲ. ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಪುಸ್ತಕ ಕೇಳುವಾಗ, ಯಾವ ದನಿಯಲ್ಲಿ ಓದಬೇಕು ಅನ್ನುವುದನ್ನು ಆ ತಂತ್ರಾಂಶ ಇಂಥ ಗುರುತಿನಿಂದಲೇ ತಿಳಿದುಕೊಳ್ಳುವುದು. ಈಸ್ಪೀಕ್‌ನಂಥ ಮುಕ್ತ ತಂತ್ರಾಂಶದಲ್ಲಿ ಕನ್ನಡದ ದನಿ ಇದೆ. ಪುಸ್ತಕ ತನ್ನನ್ನು ಇಂಗ್ಲಿಷ್ ಅಂತ ಕರೆದುಕೊಂಡರೆ ಆ ದನಿ ಇದ್ದೂ ಕೆಲಸಕ್ಕೆ ಬರುವುದಿಲ್ಲ. ಪ್ರತಿ ಅಧ್ಯಾಯದ ಫೈಲಿನ ಮೇಲ್ಗಡೆಯ ಎಚ್‌ಟಿಎಂಎಲ್ ಟ್ಯಾಗಿನಲ್ಲೂ ಭಾಷೆಯ ಗುರುತನ್ನು ಕನ್ನಡದ ಎರಡಕ್ಷರದ ಸಂಕೇತಕ್ಕೆ, ಅಂದರೆ ಕೆಎನ್‌ಗೆ ಬದಲಿಸಿ. ಫೈಂಡ್ ರಿಪ್ಲೇಸ್‌ನಲ್ಲಿ ಎಲ್ಲ ಫೈಲಿಗೂ ಒಟ್ಟಿಗೇ ಮಾಡಬಹುದು.

ಗುರುತಿನ ಸಂಖ್ಯೆಯನ್ನೂ ಈಗಲೇ ಗಟ್ಟಿ ಮಾಡಿಬಿಡಿ. ಐಎಸ್‌ಬಿಎನ್ ಇದ್ದರೆ ಅದು, ಇಲ್ಲದಿದ್ದರೆ ಸಿಜಿಲ್ ತಾನೇ ಹುಟ್ಟಿಸಿದ್ದು. ಇದಕ್ಕೂ ಮುಂದಿನ ಮಾತಿಗೂ ಸಂಬಂಧ ಇದೆ.

ಚೆಕ್‌ಪಾಯಿಂಟ್ ಹಾಕಿಕೊಳ್ಳಿ

ಹೊಸ ಸಿಜಿಲ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ದೊಡ್ಡ ತಿದ್ದುಪಡಿಗೆ ಕೈ ಹಾಕುವ ಮೊದಲು ಒಂದು ಚೆಕ್‌ಪಾಯಿಂಟ್ ಮಾಡಿದರೆ ಆ ಕ್ಷಣದ ಇಡೀ ಪುಸ್ತಕ ನೆನಪಿನಲ್ಲಿ ಉಳಿಯುತ್ತದೆ. ಆಮೇಲೆ ಈಗಿನದಕ್ಕೂ ಆಗಿನದಕ್ಕೂ ಏನು ವ್ಯತ್ಯಾಸ ಅಂತ ಪಕ್ಕಪಕ್ಕ ನೋಡಬಹುದು, ಬೇಕಾದರೆ ಹಿಂದಕ್ಕೆ ಹೋಗಬಹುದು. ನೀವು ಸಿಜಿಲ್ ಮುಚ್ಚಿ ಮಾರನೇ ದಿನ ತೆರೆದರೂ ಅದು ಇರುತ್ತದೆ, 'ಅನ್‌ಡು' ಹಾಗೆ ಅಳಿಸಿಹೋಗುವುದಿಲ್ಲ.

ಆದರೆ ಈ ಚೆಕ್‌ಪಾಯಿಂಟುಗಳು ಇಪಬ್ ಒಳಗೆ ಇರುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ, ಸಿಜಿಲ್‌ನ ಸೆಟ್ಟಿಂಗ್ಸ್ ಫೋಲ್ಡರಿನಲ್ಲಿ, ಪುಸ್ತಕದ ಗುರುತಿನ ಸಂಖ್ಯೆಗೆ ಅಂಟಿಕೊಂಡು ಇರುತ್ತವೆ. ನಡುವೆ ಆ ಸಂಖ್ಯೆ ಬದಲಿಸಿದರೆ ಹಳೆಯ ಚೆಕ್‌ಪಾಯಿಂಟ್ ಸಿಗುವುದಿಲ್ಲ, ಬೇರೆ ಕಂಪ್ಯೂಟರಿಗೆ ಹೋದರೂ ಸಿಗುವುದಿಲ್ಲ. ಅದಕ್ಕೇ ದಿನದ ಕೊನೆಗೆ ದಿನಾಂಕ ಹಾಕಿ ಒಂದು ಕಾಪಿಯನ್ನೂ ಉಳಿಸಿಕೊಳ್ಳಿ.

ಕಣ್ಣಿಗೆ ಕಾಣದ ತಪ್ಪುಗಳು

ಈ ಭಾಗ ಸ್ವಲ್ಪ ಉದ್ದ. ಕನ್ನಡ ಪುಸ್ತಕ ಮಾಡುವವರಿಗೆ ನಿಜವಾದ ಕೆಲಸ ಇರುವುದು ಇಲ್ಲಿಯೇ.

'ಟೂಲ್ಸ್' ಮೆನುವಿನಲ್ಲಿ 'ರಿಪೋರ್ಟ್ಸ್' ತೆರೆಯಿರಿ. ಅದರಲ್ಲಿ 'ಕ್ಯಾರೆಕ್ಟರ್ಸ್ ಇನ್ ಎಚ್‌ಟಿಎಂಎಲ್ ಫೈಲ್ಸ್' ಅಂತ ಒಂದು ಇದೆ. ಇಡೀ ಪುಸ್ತಕದಲ್ಲಿ ಯಾವ ಯಾವ ಅಕ್ಷರಗಳು ಬಂದಿವೆ ಅನ್ನುವ ಪಟ್ಟಿ, ಪ್ರತಿಯೊಂದರ ಯೂನಿಕೋಡ್ ಸಂಖ್ಯೆಯ ಜೊತೆಗೆ. ಕನ್ನಡದ ಅಕ್ಷರಗಳ ಸಂಖ್ಯೆ 3200ರಿಂದ 3327ರೊಳಗೆ ಇರುತ್ತದೆ. ಆ ಪಟ್ಟಿಯಲ್ಲಿ ಎಲ್ಲೋ ತಲೆಯ ಮೇಲೆ ಎರಡು ಚುಕ್ಕೆ ಇರುವ ಯೂರೋಪಿನ ಅಕ್ಷರ, ಪೌಂಡ್ ಗುರುತು, ಅಂಥದ್ದು ಏನಾದರೂ ಕಂಡರೆ ಪರಿವರ್ತನೆಯಲ್ಲಿ ಬದಲಾಗದೆ ಉಳಿದ ಚೂರು ಅದು. ಕಾಪಿ ಮಾಡಿ ಫೈಂಡ್ ಪೆಟ್ಟಿಗೆಗೆ ಹಾಕಿ ಹುಡುಕಿ. ಅಚ್ಚಾದ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ತಿದ್ದಿ.

ಮುಂದಿನದು ಸೊನ್ನೆ ಮತ್ತು ಅನುಸ್ವಾರ. 'ಬೆ೦ಗಳೂರು' ಮತ್ತು 'ಬೆಂಗಳೂರು', ಎರಡೂ ಒಂದೇ ಥರ ಕಾಣುತ್ತಿವೆ ಅಲ್ವಾ? ಮೊದಲನೆಯದರಲ್ಲಿ ಇರುವುದು ಅನುಸ್ವಾರ ಅಲ್ಲ, ಕನ್ನಡದ ಅಂಕಿ ಸೊನ್ನೆ. ಓದುವವರಿಗೆ ತೊಂದರೆ ಗೊತ್ತಾಗುವುದಿಲ್ಲ. ಆದರೆ ಪುಸ್ತಕದಲ್ಲಿ ಬೆಂಗಳೂರು ಅಂತ ಹುಡುಕಿದರೆ ಆ ಪದ ಸಿಗುವುದಿಲ್ಲ, ಗಟ್ಟಿಯಾಗಿ ಓದುವ ತಂತ್ರಾಂಶ ಅಲ್ಲಿ ಮುಗ್ಗರಿಸುತ್ತದೆ. ಚಿಕ್ಕಮ್ಮನ ಪುಸ್ತಕದಲ್ಲಿ ಅಂಕಿಗಳೆಲ್ಲ ಇಂಗ್ಲಿಷ್ ಅಂಕಿಗಳೇ ಇದ್ದವು, ಆದರೂ ರಿಪೋರ್ಟಿನಲ್ಲಿ ಕನ್ನಡ ಸೊನ್ನೆ, ಸಂಖ್ಯೆ 3302, ಕಾಣಿಸಿತು. ಅಂದರೆ ಅಲ್ಲಿದ್ದ ಪ್ರತಿ ಸೊನ್ನೆಯೂ ತಪ್ಪು. ಎಲ್ಲವನ್ನೂ ಒಟ್ಟಿಗೇ ಬದಲಿಸಿದೆ. ನಿಮ್ಮ ಪುಸ್ತಕದಲ್ಲಿ ಕನ್ನಡ ಅಂಕಿಗಳೂ ಇದ್ದರೆ ಹಾಗೆ ಮಾಡಬೇಡಿ. ಫೈಂಡ್‌ನಲ್ಲಿ 'ರೆಜೆಕ್ಸ್', ಅಂದರೆ ಮಾದರಿ ಕೊಟ್ಟು ಹುಡುಕುವ ವಿಧಾನ, ಆರಿಸಿ, ಅಂಕಿ ಆದ ಮೇಲೆ ಬಂದ ಸೊನ್ನೆ ಬಿಟ್ಟು ಅಕ್ಷರ ಆದ ಮೇಲೆ ಬಂದದ್ದನ್ನು ಮಾತ್ರ ಹುಡುಕಿಸಿ, ಒಂದೊಂದಾಗಿ ನೋಡಿ ಬದಲಿಸಿ.

ವಿಸರ್ಗದ್ದೂ ಇದೇ ಕತೆ. 'ದು:ಖ', 'ಪುನ:', 'ಅಂತ:ಕರಣ' ಅಂತ ಕೋಲನ್ ಹಾಕಿ ಟೈಪ್ ಮಾಡುವ ರೂಢಿ ಡಿಟಿಪಿಯಲ್ಲಿ ತುಂಬಾ ಹಳೆಯದು. 'ದುಃಖ' ಆಗಬೇಕು. ಇಲ್ಲಿ ಎಲ್ಲ ಕೋಲನ್ನುಗಳನ್ನೂ ಬದಲಿಸಲು ಆಗುವುದಿಲ್ಲ, ಮಾತುಕತೆ ಇರುವ ಕತೆಗಳಲ್ಲಿ ನಿಜವಾದ ಕೋಲನ್‌ಗಳೂ ಇರುತ್ತವೆ. ಕೋಲನ್ ಆದ ಕೂಡಲೇ ಜಾಗ ಬಿಡದೆ ಕನ್ನಡ ಅಕ್ಷರ ಬಂದಿದ್ದರೆ ಅದು ಬಹುತೇಕ ವಿಸರ್ಗ.

ಇನ್ನೊಂದು ಇನ್ನೂ ಸೂಕ್ಷ್ಮ. 'ಕೊ' ಬರೆಯಲು ಯೂನಿಕೋಡ್‌ನಲ್ಲಿ ಎರಡು ದಾರಿ ಇದೆ. ಒ ಕಾರದ ಒಂದೇ ಗುರುತು, ಅದರ ಸಂಖ್ಯೆ 3274. ಅಥವಾ ಎತ್ವ 3270 ಮತ್ತು ಕೊಂಬಿನ ಇಳಿ 3266 ಎರಡೂ ಒಂದರ ಹಿಂದೆ ಒಂದು. ಪರದೆ ಮೇಲೆ ಒಂದೇ ಥರ. ಒಳಗೆ ಬೇರೆ. ಕೆಲವು ಪರಿವರ್ತಕಗಳು ಒಡೆದ ರೂಪ ಬಿಟ್ಟುಹೋಗುತ್ತವೆ. ಒಡೆದ ಜೋಡಿಯನ್ನು ಫೈಂಡ್‌ನಲ್ಲಿ, ಕೂಡಿದ ಗುರುತನ್ನು ರಿಪ್ಲೇಸ್‌ನಲ್ಲಿ ಇಟ್ಟು ಬದಲಿಸಿ. ದೀರ್ಘದ ಗುರುತು 3285 ಪಟ್ಟಿಯಲ್ಲಿ ಒಂಟಿಯಾಗಿ ಕಂಡರೂ ಇದೇ ಸೂಚನೆ: ಎಲ್ಲೋ ಕೀ, ಕೇ ಅಥವಾ ಕೋ ಒಡೆದುಕೊಂಡಿದೆ.

ಈಗ ನಾನು ಎಡವಿದ ಜಾಗ. ರಿಪೋರ್ಟಿನಲ್ಲಿ 8204 ಮತ್ತು 8205 ಅಂತ ಎರಡು ಕಾಣದ ಅಕ್ಷರಗಳಿದ್ದವು. ಬೇಡದ ಕಸ ಅಂದುಕೊಂಡು ಇಡೀ ಪುಸ್ತಕದಿಂದ ಎರಡನ್ನೂ ಒಂದೇ ಏಟಿಗೆ ಅಳಿಸಿದೆ. ಪ್ರಿವ್ಯೂ ನೋಡಿದರೆ 'ಸಾಫ್ಟ್‌ವೇರ್' ಇದ್ದದ್ದು 'ಸಾಫ್ಟ್ವೇರ್' ಆಗಿ, ಟಕಾರದ ಕೆಳಗೆ ವಕಾರದ ಒತ್ತು ಬಂದು ಕೂತಿತ್ತು. 'ರ‍್ಯಾಂಕ್' ಇದ್ದದ್ದು ಅರ್ಕಾವತ್ತಾಗಿ 'ರ್ಯಾಂಕ್' ಆಗಿತ್ತು. 8204 ಅಂದರೆ ಎರಡು ವ್ಯಂಜನ ಒತ್ತಾಗಿ ಕೂಡದಂತೆ ತಡೆಯುವ ಗುರುತು. 8205, ರಕಾರ ಅರ್ಕಾವತ್ತಾಗದೆ ಪೂರ್ತಿಯಾಗಿ ನಿಲ್ಲಲು ಬೇಕಾದದ್ದು. ಎರಡೂ ಕನ್ನಡಕ್ಕೆ ಬೇಕೇ ಬೇಕು. ಹಿಂದಿನ ಸಂಜೆಯ ಚೆಕ್‌ಪಾಯಿಂಟ್ ಇದ್ದದ್ದರಿಂದ ಪುಸ್ತಕ ಉಳಿಯಿತು. ಹಾಗಾದರೆ ಅಳಿಸಬೇಕಾದವು ಯಾವುವು? ಪದದ ಕೊನೆಯಲ್ಲಿ, ಖಾಲಿ ಜಾಗದ ಅಥವಾ ಪೂರ್ಣವಿರಾಮದ ಮುಂಚೆ ಸುಮ್ನೆ ಉಳಿದುಕೊಂಡವು ಮಾತ್ರ.

ದೊಡ್ಡ ಬದಲಾವಣೆಗೆ ಮುಂಚೆ 'ಡ್ರೈ ರನ್ ರಿಪ್ಲೇಸ್' ಬಳಸಿ. ಏನು ಏನಾಗುತ್ತದೆ ಅಂತ ಪಟ್ಟಿ ತೋರಿಸುತ್ತದೆ, ಬದಲಿಸುವುದಿಲ್ಲ. ಆಗ ನಾನು ಅದನ್ನು ನೋಡಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಚೆನ್ನಾಗಿ ಕೆಲಸ ಮಾಡಿದ ಹುಡುಕಾಟಗಳನ್ನು 'ಸೇವ್ಡ್ ಸರ್ಚಸ್'ನಲ್ಲಿ ಉಳಿಸಿಡಿ. ಮುಂದಿನ ಪುಸ್ತಕಕ್ಕೆ ಅವನ್ನೇ ಸಾಲಾಗಿ ಓಡಿಸಬಹುದು. 'ಆಟೊಮೇಟ್' ಪಟ್ಟಿಗೆ ಸೇರಿಸಿದರೆ ಪ್ಲಗಿನ್ನುಗಳ ಜೊತೆ ಒಂದೇ ಗುಂಡಿಯಲ್ಲಿ ಎಲ್ಲ ಮುಗಿಯುತ್ತದೆ.

ಪದಪರೀಕ್ಷೆಗೆ, ಕಾಗುಣಿತ ನೋಡುವ ಮುಕ್ತ ತಂತ್ರಾಂಶ ಹನ್‌ಸ್ಪೆಲ್‌ನ ಕನ್ನಡ ನಿಘಂಟು ಸಿಗುತ್ತದೆ. ಫೆಡೋರಾದಲ್ಲಿ ಅದು ಪ್ಯಾಕೇಜ್ ಆಗಿಯೇ ಇದೆ. ಅದರ ಎರಡು ಫೈಲುಗಳನ್ನು ಸಿಜಿಲ್‌ನ ಸೆಟ್ಟಿಂಗ್ಸ್ ಫೋಲ್ಡರಿನೊಳಗೆ ಹನ್‌ಸ್ಪೆಲ್ ನಿಘಂಟುಗಳ ಫೋಲ್ಡರಿಗೆ ಹಾಕಿ. ಕನ್ನಡದಲ್ಲಿ ಪದಕ್ಕೆ ಪದ, ಪ್ರತ್ಯಯಕ್ಕೆ ಪ್ರತ್ಯಯ ಅಂಟಿಕೊಂಡು 'ಹೋಗಬೇಕಾಗಿದ್ದದ್ದರಿಂದಲೇ' ಅನ್ನುವಂಥವು ಹುಟ್ಟುತ್ತವೆ, ಅಂಥವನ್ನೆಲ್ಲ ಅದು ತಪ್ಪು ಅನ್ನುತ್ತದೆ. ಹಾಗಾಗಿ ಕೆಂಪು ಗೆರೆಗಳನ್ನು ನಂಬಿ ತಿದ್ದಲು ಹೋಗಬೇಡಿ. 'ಸ್ಪೆಲ್‌ಚೆಕ್ ಎಡಿಟರ್' ತೆರೆದರೆ ಪುಸ್ತಕದ ಎಲ್ಲ ಪದಗಳೂ ಎಷ್ಟು ಸಲ ಬಂದಿವೆ ಅನ್ನುವ ಲೆಕ್ಕದ ಜೊತೆ ಸಾಲಾಗಿ ಬರುತ್ತವೆ. ಅದು ಬಂಗಾರದಂಥ ಪಟ್ಟಿ. ಕತೆಯ ಪಾತ್ರ 'ಗಿರಿಜಕ್ಕ' 86 ಸಲ ಬಂದು, 'ಗಿರಿಜಾಕ್ಕ' 2 ಸಲ ಬಂದಿದ್ದರೆ ಎಲ್ಲಿ ತಪ್ಪಿದೆ ಅಂತ ಕೂಡಲೇ ಗೊತ್ತಾಗುತ್ತದೆ.

ಫಾಂಟು ಮತ್ತು ಪುಟದ ರೂಪ

ಎಲ್ಲ ಓದುವ ಸಾಧನಗಳಲ್ಲೂ ಒಳ್ಳೆಯ ಕನ್ನಡ ಫಾಂಟು ಇರುತ್ತದೆ ಅಂತ ನಂಬುವ ಹಾಗಿಲ್ಲ. ಅದಕ್ಕೇ ಒಂದನ್ನು ಪುಸ್ತಕದೊಳಗೇ ಇಡುವುದು ಕ್ಷೇಮ. ಹಂಚಲು ಅನುಮತಿ ಇರುವುದನ್ನೇ ಆರಿಸಿ: ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ, ಅನೇಕ್ ಕನ್ನಡ, ಮೂರೂ ಮುಕ್ತ ಫಾಂಟ್ ಪರವಾನಗಿಯಲ್ಲಿವೆ. ಕತೆ, ಕಾದಂಬರಿಗೆ ನನಗೆ ಹಿಡಿಸಿದ್ದು ತಿರೊ. ಹಳೇ ಅಚ್ಚುಮೊಳೆಯ ಅಂದ ಅದರಲ್ಲಿದೆ, ಒತ್ತುಗಳು ಇಕ್ಕಟ್ಟಾಗುವುದಿಲ್ಲ. ಒಂದೇ ಫೈಲಿನಲ್ಲಿ ಎಲ್ಲ ದಪ್ಪಗಳೂ ಇರುವ ವೇರಿಯಬಲ್ ಫಾಂಟ್ ಬೇಡ, ಹಳೇ ರೀಡರ್‌ಗಳಿಗೆ ಅದು ಅರ್ಥವಾಗುವುದಿಲ್ಲ. ದಪ್ಪ ಅಕ್ಷರ ಬೇಕಿದ್ದರೆ ಅದಕ್ಕೆ ಬೇರೆ ಫೈಲು ಇರುವಂಥದ್ದನ್ನು ತೆಗೆದುಕೊಳ್ಳಿ, ತಿರೊದಲ್ಲಿ ಅದು ಇಲ್ಲ.

ಸಿಜಿಲ್‌ನ ಎಡಗಡೆಯ ಬುಕ್ ಬ್ರೌಸರಿನಲ್ಲಿ ರೈಟ್ ಕ್ಲಿಕ್ ಮಾಡಿ 'ಆ್ಯಡ್ ಎಕ್ಸಿಸ್ಟಿಂಗ್ ಫೈಲ್ಸ್' ಮೂಲಕ ಫಾಂಟ್ ಸೇರಿಸಿ. ಸಿಎಸ್‌ಎಸ್ ಫೈಲಿನಲ್ಲಿ ಫಾಂಟ್ ಫೇಸ್ ನಿಯಮ ಬರೆದು, ಅದರಲ್ಲಿ ಫಾಂಟಿನ ಹೆಸರು ಮತ್ತು ಅದಿರುವ ಜಾಗ ಕೊಡಿ. ಆಮೇಲೆ ಬಾಡಿ ಟ್ಯಾಗಿಗೆ ಅದೇ ಹೆಸರು. ಜಾಗ ಬರೆಯುವಾಗ ಎರಡು ಚುಕ್ಕಿ, ಓರೆಗೆರೆ, ಫಾಂಟ್ಸ್ ಫೋಲ್ಡರ್, ಓರೆಗೆರೆ, ಫೈಲಿನ ಹೆಸರು. ದೊಡ್ಡಕ್ಷರ ಚಿಕ್ಕಕ್ಷರ ಅದಲುಬದಲಾದರೂ ಫಾಂಟು ಬರುವುದಿಲ್ಲ, ನೋಡಿಕೊಳ್ಳಿ.

ಇಂಗ್ಲಿಷ್ ಪುಸ್ತಕಗಳಿಂದ ತಂದ ಸಿಎಸ್‌ಎಸ್ ಕನ್ನಡಕ್ಕೆ ಹೊಂದುವುದಿಲ್ಲ. ಸಾಲಿನ ಎತ್ತರ 1.6 ಇಡಿ, ಕಡಿಮೆಯಾದರೆ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಪದಗಳು ಉದ್ದ, ಬಹಳಷ್ಟು ರೀಡರ್‌ಗಳು ಕನ್ನಡ ಪದವನ್ನು ಸಾಲಿನ ಕೊನೆಯಲ್ಲಿ ಮುರಿಯುವುದಿಲ್ಲ, ಹಾಗಾಗಿ ಫೋನಿನ ಸಣ್ಣ ಪರದೆಯಲ್ಲಿ ಎರಡು ಪದಗಳ ನಡುವೆ ಹಳ್ಳ ಬಿದ್ದ ಹಾಗೆ ಕಾಣುತ್ತದೆ. ಎಡಕ್ಕೆ ಹೊಂದಿಸಿ ಬಿಟ್ಟುಬಿಡಿ. ಅಕ್ಷರಗಳ ನಡುವೆ ಜಾಗ ಕೊಡುವ ಲೆಟರ್ ಸ್ಪೇಸಿಂಗ್ ಮುಟ್ಟಬೇಡಿ. ಇಟಾಲಿಕ್ ಕೂಡ ಬೇಡ. ಕನ್ನಡ ಫಾಂಟುಗಳಲ್ಲಿ ಸಾಮಾನ್ಯವಾಗಿ ಇಟಾಲಿಕ್ ಇರುವುದಿಲ್ಲ, ರೀಡರ್ ತಾನೇ ಅಕ್ಷರವನ್ನು ಓರೆಯಾಗಿ ತಳ್ಳುತ್ತದೆ, ಓದಲು ಹಿಂಸೆ. ಒತ್ತು ಕೊಡಬೇಕಾದಲ್ಲಿ ದಪ್ಪ ಅಕ್ಷರ ಸಾಕು.

ಪದ್ಯ ಇದ್ದರೆ ಸಾಲಿನ ಮುಂದೆ ಸ್ಪೇಸ್ ಒತ್ತಿ ಒತ್ತಿ ಜರುಗಿಸಬೇಡಿ. ಪ್ರತಿ ಸಾಲೂ ಒಂದು ಪ್ಯಾರಾ ಆಗಲಿ, ಅದಕ್ಕೊಂದು ಕ್ಲಾಸ್ ಕೊಟ್ಟು, ಸಾಲು ಮಡಚಿದಾಗ ಮಡಚಿದ ಭಾಗ ಮಾತ್ರ ಒಳಗೆ ಸರಿಯುವಂತೆ ಮಾಡಿ.

ಪರಿವಿಡಿ, ಮುಖಪುಟ, ಕೊನೆಯ ತಪಾಸಣೆ

ಹೆಡಿಂಗ್‌ಗಳು ಸರಿ ಇದ್ದರೆ ಪರಿವಿಡಿ ಒಂದು ನಿಮಿಷದ ಕೆಲಸ. 'ಟೂಲ್ಸ್'ನಲ್ಲಿ 'ಜನರೇಟ್ ಟೇಬಲ್ ಆಫ್ ಕಂಟೆಂಟ್ಸ್'. ಬೇಡದ ಹೆಡಿಂಗ್ ಮುಂದಿನ ಗುರುತು ತೆಗೆದರೆ ಅದು ಬರುವುದಿಲ್ಲ. ಕತೆಯ ಹೆಸರು ತುಂಬಾ ಉದ್ದ ಇದ್ದು ಪರಿವಿಡಿಯಲ್ಲಿ ಚಿಕ್ಕದು ಬೇಕೆಂದರೆ ಆ ಹೆಡಿಂಗ್ ಟ್ಯಾಗಿನ ಟೈಟಲ್ ಗುಣದಲ್ಲಿ ಚಿಕ್ಕ ಹೆಸರು ಬರೆಯಿರಿ. ಹಳೇ ರೀಡರ್‌ಗಳಿಗಾಗಿ ಎನ್‌ಸಿಎಕ್ಸ್ ಪರಿವಿಡಿಯನ್ನೂ ಇಪಬ್ 3ರ ಉಪಕರಣಗಳ ಮೆನುವಿನಿಂದ ಹುಟ್ಟಿಸಿಡಿ.

ಮುಖಪುಟಕ್ಕೆ 'ಟೂಲ್ಸ್', 'ಆ್ಯಡ್ ಕವರ್'. ಹಳೇ ಪುಸ್ತಕದ ರಕ್ಷಾಪುಟವನ್ನು ಬೆಳಕಿನಲ್ಲಿಟ್ಟು ಫೋಟೊ ತೆಗೆದು ಹಾಕಿದರೂ ಸರಿ, ಅದನ್ನು ಬರೆದ ಕಲಾವಿದರ ಹೆಸರನ್ನು ಒಳಪುಟದಲ್ಲಿ ಬರೆಯಿರಿ. ಚಿತ್ರಗಳಿಗೆಲ್ಲ ಆಲ್ಟ್ ವಿವರಣೆ, ಅಂದರೆ ಚಿತ್ರ ಕಾಣದವರಿಗೆ ಓದಿ ಹೇಳುವ ಮಾತು, ಕನ್ನಡದಲ್ಲಿ ಕೊಡಿ.

ಎಫ್7 ಒತ್ತಿ ಕೋಡ್ ಸರಿಯಾಗಿ ಮುಚ್ಚಿದೆಯೇ ನೋಡಿ. ಬಳಸದ ಚಿತ್ರ, ಬಳಸದ ಸಿಎಸ್‌ಎಸ್ ಕ್ಲಾಸುಗಳನ್ನು ಅಳಿಸುವ ಉಪಕರಣವೂ 'ಟೂಲ್ಸ್'ನಲ್ಲೇ ಇದೆ. ಕೊನೆಗೆ, ಫೈಲು ನಿಯಮದ ಪ್ರಕಾರ ಇದೆಯೇ ನೋಡುವ ಇಪಬ್‌ಚೆಕ್ ಪ್ಲಗಿನ್ ಓಡಿಸಿ, ಅದಕ್ಕೆ ಜಾವಾ ಬೇಕು. ತಪ್ಪು ಸಿಕ್ಕರೆ ಕೆಳಗಿನ ಪಟ್ಟಿಯಲ್ಲಿ ಆ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ನೇರ ಆ ಜಾಗಕ್ಕೆ ಹೋಗುತ್ತೀರಿ. ಒಂದು ತಪ್ಪೂ ಉಳಿಯದವರೆಗೆ ಬಿಡಬೇಡಿ, ಅಂಗಡಿಗಳು ತಪ್ಪಿರುವ ಫೈಲನ್ನು ಹಿಂದಕ್ಕೆ ಕಳಿಸುತ್ತವೆ.

ಆಮೇಲೆ ನಿಜವಾದ ಸಾಧನಗಳಲ್ಲಿ ನೋಡಿ. ಕಂಪ್ಯೂಟರಿನಲ್ಲಿ ಥೋರಿಯಂ ರೀಡರ್, ಉಚಿತ ಮತ್ತು ಮುಕ್ತ. ಆ್ಯಂಡ್ರಾಯ್ಡ್‌ನಲ್ಲಿ ಗೂಗಲ್ ಪ್ಲೇ ಬುಕ್ಸ್. ಅಕ್ಷರ ಅತಿ ದೊಡ್ಡದು ಮಾಡಿ ಒಮ್ಮೆ, ಕತ್ತಲೆ ಬಣ್ಣದಲ್ಲಿ ಒಮ್ಮೆ ಪರೀಕ್ಷಿಸಿ. ಸಿಎಸ್‌ಎಸ್‌ನಲ್ಲಿ ಅಕ್ಷರಕ್ಕೆ ಕಪ್ಪು ಅಂತ ನೀವು ಬರೆದುಬಿಟ್ಟಿದ್ದರೆ ಕೆಲವು ಆ್ಯಪ್‌ಗಳ ಕಪ್ಪು ಪರದೆಯಲ್ಲಿ ಕಪ್ಪಕ್ಷರ ಬಂದು ಏನೂ ಕಾಣುವುದಿಲ್ಲ. ಬಣ್ಣ ಬರೆಯದೇ ಇರುವುದೇ ಒಳ್ಳೆಯದು.

ಚಿಕ್ಕಮ್ಮನಿಗೆ ಫೈಲನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದೆ. ಪ್ಲೇ ಬುಕ್ಸ್‌ನಲ್ಲಿ ತೆರೆದುಕೊಟ್ಟದ್ದು ಅವರ ಮೊಮ್ಮಗಳು. ಮೂರು ದಿನ ಬಿಟ್ಟು ಫೋನ್ ಬಂತು. 14 ಕತೆಯನ್ನೂ ಓದಿ ಮುಗಿಸಿದ್ದರು. "9ನೇ ಕತೆಯಲ್ಲಿ ಗಿರಿಜಕ್ಕ ಬಸ್ಸಿಳಿದ ಮೇಲೆ ಒಂದು ಪ್ಯಾರಾ ಬಿಟ್ಟಿದ್ದೀಯಲ್ಲೋ" ಅಂದರು. ಹೌದು, ಪರಿವರ್ತನೆಯಲ್ಲಿ ಪುಟದ ಕೊನೆಯ ನಾಲ್ಕು ಸಾಲು ಬಿದ್ದುಹೋಗಿತ್ತು, ಯಾವ ರಿಪೋರ್ಟೂ ಅದನ್ನು ಹೇಳಿರಲಿಲ್ಲ. ಸೇರಿಸಿ, ಒಳಪುಟದಲ್ಲಿ ಎರಡನೇ ತಿದ್ದುಪಡಿ ಅಂತ ದಿನಾಂಕ ಹಾಕಿ, ಹೊಸ ಫೈಲು ಕಳಿಸಿದೆ. ಈಗ ಅವರು ಉಳಿದ ತಪ್ಪುಗಳನ್ನು ಒಂದು ಹಾಳೆಯಲ್ಲಿ ಬರೆದಿಡುತ್ತಿದ್ದಾರೆ.